ಪೂರಾ ಆಗ್ಯದ ಅಂದಿದ್ದ

ತಲೆಗೆ ಟವಲು ಸುತ್ತಿಕೊಂಡು ಮಾಣಿಕಪ್ಪ ಮೋಮಿನಪುರದ ಆ ಸಣ್ಣ ಅಂಗಳದೊಳಗೆ ಬೆಂಚು ಹೊತ್ತು ತರುತ್ತಿದ್ದಾಗ, ಹೆಣದ ಮೈ ತೊಳೆಯುತ್ತಿದ್ದವರು ಒಳಗಿನಿಂದ ಇನ್ನೊಂದು ಕೊಡ ನೀರು ಕೇಳಿದರು. ಬೆಂಚು ಇಳಿಸಿ ನೀರಿಗೆ ಓಡಿದ. ಕಮಲಾಪುರದಿಂದ ಮೊದಲ ಬಸ್ಸಿಗೆ ಬಂದವನು ಒಂದು ಗಳಿಗೆಯೂ ಕೂತಿರಲಿಲ್ಲ. ಕೂತರೆ ಯಾರಾದರೂ ಸತ್ತವನ ಮಾತು ತೆಗೆಯುತ್ತಾರೆಂಬ ಅಂಜಿಕೆ.

ಸತ್ತವನು ಲಾಲ್ ಅಹ್ಮದ್. ಇಪ್ಪತ್ತು ವರ್ಷ ಸ್ಟೇಶನ್ ಬಜಾರದಲ್ಲಿ ಮೋಟಾರು, ರೇಡಿಯೋಗಳ ಬ್ಯಾಟರಿ ಚಾರ್ಜ್ ಮಾಡಿದವನು. ಆಸಿಡ್ ಸುಟ್ಟ ತೂತಿಲ್ಲದ ಅಂಗಿ ಅವನ ಬಳಿ ಇರಲಿಲ್ಲ. ಒಂದು ವಾರದ ಜ್ವರಕ್ಕೆ ಹೋಗಿಬಿಟ್ಟ.

“ಅವ್ನ ಅಂಗಡಿ ಮುಂದ ನಿಂತು ನಿಂತು ನನ್ನ ಕುದುರಿಗಿ ಮುಪ್ಪು ಬಂತು,” ಎಂದ ಟಾಂಗಾದ ಭೀಮಶಾ. “ಮದುವಿ ಮಂದಿ ಹಾಡಿನ ಪೆಟಗಿ ಬ್ಯಾಟರಿ ಇಟ್ಟು ಹೋಗಿದ್ರು. ಕೇಳಿದಾಗೊಮ್ಮಿ ‘ಇನ್ನಾ ಆಗಿಲ್ರೀ’ ಅಂತಾನ. ಮದಲಗಿತ್ತಿ ಗಂಡನ ಮನಿ ಮುಟ್ಟಿದ ಮ್ಯಾಲೆ ಕೊಟ್ಟ!”

ಮಂದಿ ನಕ್ಕರು. ಸತ್ತವನ ತಮ್ಮ ಅಲ್ಲಾವುದ್ದೀನ್ ನಗುತ್ತಲೇ ಕಣ್ಣೊರೆಸಿಕೊಂಡ.

“ಒಮ್ಮಿ ಮಾತ್ರ ಅರ್ಧಾ ತುಂಬಿದ್ದು ಕೊಟ್ನಲ್ಲೋ,” ಭೀಮಶಾ ದನಿ ಇಳಿಸಿದ. “ಯಾಕ ಕೊಟ್ಟ, ಇವತ್ತಿಗೂ ತಿಳಿವಲ್ದು.”

ಮಾಣಿಕಪ್ಪ ತುಂಬಿದ ಕೊಡಕ್ಕೇ ಮತ್ತೆ ನೀರು ಹಾಕತೊಡಗಿದ.

*

ಐದು ವರ್ಷದ ಹಿಂದಿನ ಮಾತು. ಕಮಲಾಪುರದ ದೌಲಪ್ಪ ಸಾಹುಕಾರರ ಬಳಿ ಒಂದು ಮಲಗುವ ಗಾಡಿ ಇತ್ತು. ಹಳೇ ಲಾರಿಯ ಮೇಲೆ ಕಟ್ಟಿಗೆಯ ಕೋಣೆ, ಒಳಗೆ ಎರಡು ಮಂಚ, ದೀಪ, ರೇಡಿಯೋ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಊರೂರು ನೋಡಿಬರುವ ಶೋಕಿ ಅವರದು. ಗಾಡಿ ನಡೆಸುವವನು ಮಾಣಿಕಪ್ಪ. ದೀಪ, ರೇಡಿಯೋ ಸೇರಿ ಬ್ಯಾಟರಿ ಹೀರಿಬಿಡುತ್ತಿದ್ದವು. ಹದಿನೈದು ದಿನಕ್ಕೊಮ್ಮೆ ಅದನ್ನು ಹೊತ್ತು ಕಲಬುರಗಿಗೆ, ಲಾಲ್ ಅಹ್ಮದನ ಅಂಗಡಿಗೆ ಬರುತ್ತಿದ್ದ.

ಹಿಂದೂಸ್ತಾನದ ಫೌಜು ಗಡಿ ದಾಟಿತೆಂಬ ಸುದ್ದಿ ಹಬ್ಬಿದ ದಿನ ಬಜಾರದಲ್ಲಿ ಅರ್ಧಕ್ಕರ್ಧ ಅಂಗಡಿ ಮುಚ್ಚಿದ್ದವು.

“ಇವತ್ತ ಒಯ್ಯಬ್ಯಾಡ ಮಾಣಿಕ್.” ಲಾಲ್ ಅಹ್ಮದ್ ಬ್ಯಾಟರಿಯ ಮೂರು ಬಾಯಿಗಳಲ್ಲಿ ಒಂದರಿಂದ ಗಾಜಿನ ನಳಿಗೆಯಲ್ಲಿ ಆಸಿಡ್ ಎಳೆದು ಬೆಳಕಿಗೆ ಹಿಡಿದಿದ್ದ. ಬ್ಯಾಟರಿ ತುಂಬಿದಂತೆಲ್ಲ ಮೇಲೇಳುವ ಒಳಗಿನ ತೇಲು ಇನ್ನೂ ಎದ್ದಿರಲಿಲ್ಲ. “ಎರಡು ಬಾಯಿ ಗುಳ್ಳಿ ಬಿಡಾಕತ್ತಾವ, ಒಂದು ಸುಮ್ನದ. ಎಲ್ಲಾ ಒಂದೇ ಸಮ ಗುಳ್ಳಿ ಬಿಡಬೇಕು, ತೇಲು ಎದ್ದು ಅಲ್ಲೇ ನಿಂದ್ರಬೇಕು. ಅವಸರ ಮಾಡಿ ಜಾಸ್ತಿ ಕರೆಂಟ್ ಕೊಟ್ರ ಒಳಗಿನ ತಗಡು ಹಾಳಾಗ್ತಾವ. ನಾಳಿ ಸಂಜಿಗಿ ಬಾ.”

“ನಾಳಿ ದಾರಿ ಇರ್ತದೋ ಇಲ್ಲೋ, ಲಾಲ್ ಭಾಯಿ.”

ಲಾಲ್ ಅಹ್ಮದ್ ಕೈ ತೊಳೆಯಲು ಹಿತ್ತಿಲಿಗೆ ಹೋದ. ಮಾಣಿಕಪ್ಪ ತಾನೇ ತಂತಿ ಬಿಚ್ಚಿ, ಬ್ಯಾಟರಿ ಹೆಗಲಿಗೇರಿಸಿ ನಡೆದುಬಿಟ್ಟ.

ಮರುದಿನ ಸಾಹುಕಾರರ ಸಂಸಾರ ರಜಾಕಾರರಿಗೆ ಅಂಜಿ ಗಾಡಿಯಲ್ಲಿ ಊರು ಬಿಟ್ಟಿತು. ನಡುದಾರಿಯಲ್ಲಿ ನಿಲ್ಲಿಸಿ ಎರಡು ತಾಸು ರೇಡಿಯೋಗೆ ಕಿವಿ ಹಚ್ಚಿತು. ಆಮೇಲೆ ಇಂಜಿನ್ ಚಾಲೂ ಆಗಲಿಲ್ಲ. ಹೆಂಗಸರು, ಕೂಸುಗಳು ಹೊತ್ತು ಇಳಿಯುವ ತನಕ ಸಜ್ಜೆಯ ಹೊಲದಲ್ಲಿ ಅಡಗಿ ಕೂತರು. ಯಾರಿಗೂ ಏನೂ ಆಗಲಿಲ್ಲ. ಆದರೆ ಸಾಹುಕಾರರು ಹೊಲದಿಂದ ಎದ್ದವರೇ ಮಾಣಿಕಪ್ಪನ ಕಡೆ ತಿರುಗಿದರು.

“ಏನಲೇ, ಬ್ಯಾಟರಿ ತುಂಬ್ಸಿ ತಂದಿದ್ದಿಲ್ಲೇನು?”

“ತಂದಿದ್ನಿರಿ. ಪೂರಾ ಆಗ್ಯದ ಅಂತ ಲಾಲ್ ಅಹ್ಮದನಽ ಅಂದಿದ್ದ.”

ಅಷ್ಟೇ ಮಾತು. ಫೌಜು ಬಂದ ಮೇಲೆ ಅದು, ‘ರಜಾಕಾರರ ಮನುಷ್ಯ, ಬೇಕಂತಲೇ ಸತ್ತ ಬ್ಯಾಟರಿ ಕೊಟ್ಟಾನ’ ಎಂಬ ಫಿರ್ಯಾದಿಯಾಯಿತು. ಲಾಲ್ ಅಹ್ಮದ್ ಒಂಬತ್ತು ತಿಂಗಳು ಜೈಲಿನಲ್ಲಿದ್ದ.

ಬಿಟ್ಟು ಬಂದ ಮೇಲೆ ಅಂಗಡಿ ತೆರೆದ. ಮಾಣಿಕಪ್ಪ ಬ್ಯಾಟರಿ ಒಯ್ದದ್ದು ಅಲ್ಲಿಗೇ. ಲಾಲ್ ಅಹ್ಮದ್ ಹಳೇ ಮಾತು ಇವನ ಮುಂದಾಗಲಿ, ಮನೆಯವರ ಮುಂದಾಗಲಿ ಎತ್ತಲಿಲ್ಲ. ತಿರುಗಿ ಕೊಡುವಾಗ ಮಾತ್ರ ಗಾಜಿನ ನಳಿಗೆಯನ್ನು ಅವನ ಕೈಗಿಟ್ಟು, “ನೀನಽ ನೋಡ್ಕೋ,” ಎನ್ನುತ್ತಿದ್ದ. ಒಂದೊಂದು ಬಾಯಿಗೂ. ಪ್ರತಿ ಸಲವೂ.

*

ಜನಾಜಾ ಎತ್ತುವ ಮೊದಲು ಅಲ್ಲಾವುದ್ದೀನ್ ಕೈಮುಗಿದು ನಿಂತ.

“ನಮ್ಮ ಅಣ್ಣನಿಂದ ಯಾರಿಗಿ ನೋವಾಗಿದ್ರೂ ಮಾಫ್ ಮಾಡ್ರಿ.”

“ಮಾಫ್, ಮಾಫ್,” ಎಂದರು ಎಲ್ಲರೂ.

ಅವನು ಮಾಣಿಕಪ್ಪನತ್ತ ತಿರುಗಿದ. “ಮಾಣಿಕಣ್ಣಾ, ನಿನಗ ಬ್ಯಾರೆನಽ ಕೇಳ್ಬೇಕು. ಅವ್ನ ಬ್ಯಾಟರಿ ಸಲುವಾಗಿ ಅವತ್ತ ನೀ ಹೆಣ್ಮಕ್ಳು ಕೂಸುಗಳ್ನ ಕಟ್ಕೊಂಡು ಹೊಲದಾಗ ಕುಂತಿ. ಅವ ನಿನ್ಮುಂದ ಎಂದೂ ಮಾಫಿ ಕೇಳ್ಲಿಲ್ಲ. ಈಗ ನಾ ಕೇಳ್ತೀನಿ.”

ಬಾಗಿಲ ಪರದೆಯ ಹಿಂದೆ ಸತ್ತವನ ಹೆಂಡತಿ ಮುನೀರಾ ಅಳುತ್ತಿದ್ದಳು. ಆ ಅಳು ನಿಂತಿತು. ಅಂಗಳದ ಮಂದಿಯೆಲ್ಲ ಇವನ ಬಾಯಿ ನೋಡಿದರು. ‘ಅವ ಕೊಟ್ಟಿದ್ದಿಲ್ಲ, ನಾನಽ ಎತ್ಕೊಂಡು ಹೋಗಿದ್ದೆ.’ ಇಷ್ಟು ಹೇಳಿದರೆ ಮುಗಿಯುತ್ತಿತ್ತು.

“ಮಾಫ್ ಮಾಡೀನಿ,” ಎಂದ ಮಾಣಿಕಪ್ಪ.

“ದೊಡ್ಡ ಮನಸು ನೋಡ್ರಿ,” ಎಂದ ಭೀಮಶಾ.

ದಾರಿಯುದ್ದಕ್ಕೂ ಹೆಗಲು ಕೊಡುವವರು ಬದಲಾದರು, ಮಾಣಿಕಪ್ಪ ಬದಲಾಗಲಿಲ್ಲ. ಕಬರಸ್ತಾನದಲ್ಲಿ ಒಬ್ಬೊಬ್ಬರೇ ಬಗ್ಗಿ ಮುಷ್ಟಿ ಮಣ್ಣು ಹಾಕಿ ಹಿಂದೆ ಸರಿದರು. ಅವನೂ ಬಗ್ಗಿ ಮಣ್ಣು ತೆಗೆದುಕೊಂಡ. ಕೈ ಚಾಚಿದ. ಬೆರಳು ಬಿಚ್ಚಲಿಲ್ಲ. ಹಿಂದಿನವರು ಒತ್ತಿದರು, ಹಾಗೆಯೇ ಸರಿದು ನಿಂತ.

ಹೊರಗೆ ಅಲ್ಲಾವುದ್ದೀನ್ ತಂಬಿಗೆ ಹಿಡಿದು ಬಂದವರ ಕೈಗೆಲ್ಲ ತಾನೇ ನೀರು ಹಾಕುತ್ತಿದ್ದ. ಮಾಣಿಕಪ್ಪನ ಪಾಳಿ ಬಂತು.

“ಮುಷ್ಟಿ ಬಿಚ್ಚಣ್ಣಾ,” ಎಂದು ನೀರು ಸುರಿದ.

ಮುಚ್ಚಿದ ಬೆರಳುಗಳ ಸಂದಿಯಿಂದ ಕರಿಮಣ್ಣು ಎಳೆಎಳೆಯಾಗಿ ಇಳಿದು ಅಲ್ಲಾವುದ್ದೀನನ ಬರಿಗಾಲ ಮೇಲೆ ಬೀಳತೊಡಗಿತು.