ಒರೆಸಿದ ಬಾಗಿಲು

ಬೀರುವಿನ ಎಡಬಾಗಿಲ ಮೇಲೆ ಒಂದೇ ಒಂದು ಬೆರಳಚ್ಚೂ ಇರಲಿಲ್ಲ. ಬೆರಳಚ್ಚಿನ ಮೇಡಂ ಕುಂಚವನ್ನು ಮತ್ತೊಮ್ಮೆ ಪುಡಿಯಲ್ಲಿ ಅದ್ದಿ ಹಿಡಿಯ ಸುತ್ತ ಹಗುರವಾಗಿ ಆಡಿಸಿದರು. ಬೆರಳಿನ ಗೆರೆಗಳ ಬದಲು ಬಟ್ಟೆ ಎಳೆದ ಗುರುತು ಮೂಡಿತು. ಬಾಗಿಲ ನಡುವೆ ಗುಂಡಗೆ, ಸುತ್ತಿ ಸುತ್ತಿ ಒರೆಸಿದ್ದರು. ಮೂಲೆಗಳಲ್ಲಿ ಎರಡು ದಿನದ ಧೂಳು ಹಾಗೇ ಕೂತಿತ್ತು.

ಕೋಣೆಯಲ್ಲಿದ್ದ ಒಂದೇ ಕುರ್ಚಿಯನ್ನು ಇನ್ಸ್‌ಪೆಕ್ಟರ್ ಆಗಲೇ ಆಕ್ರಮಿಸಿಕೊಂಡು ಟೀ ಕುಡಿಯುತ್ತಿದ್ದ. ಕಳವಾದ ಕೋಣೆಯಲ್ಲಿ ಏನನ್ನೂ ಮುಟ್ಟಬಾರದೆಂದು ಅವನಿಗೆ ತರಬೇತಿಯಲ್ಲಿ ಹೇಳಿಕೊಟ್ಟವರು ಈ ಮೇಡಮ್ಮೇ. ಆವತ್ತೂ ಅವನು ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದ.

"ಏನೂ ಸಿಗ್ಲಿಲ್ವಾ ಮೇಡಂ? ನಾನಾಗ್ಲೇ ಹೇಳಿದ್ನಲ್ಲ, ಕೆಲ್ಸದವಳೇ. ಬಳೆ ಎತ್ಕೊಂಡು ನೀಟಾಗಿ ಒರ್ಸಿದಾಳೆ. ಒರ್ಸೋದು ಬಿಟ್ರೆ ಅವಳಿಗೆ ಇನ್ನೇನು ಬರತ್ತೆ?" ಎಂದು ತನ್ನ ಮಾತಿಗೆ ತಾನೇ ನಕ್ಕ.

"ಹದಿನಾಲ್ಕು ವರ್ಷ ಈ ಮನೇಲಿ ತಿಂದವಳು," ಎಂದು ಮಂಚದಂಚಿನಲ್ಲಿ ಕೂತ ಮನೆಯ ಯಜಮಾನಿ ಮೂಗು ಮುರಿದರು. ಹೋಗಿದ್ದು ಅವರ ನಾಲ್ಕು ಚಿನ್ನದ ಬಳೆ.

ಕೆಲಸದವಳು ಬಾಗಿಲಾಚೆ ನೆಲದ ಮೇಲೆ ಕೂತಿದ್ದಳು. ಕೆಳಗೆ ಜೀಪು ಕಾಯುತ್ತಿತ್ತು. ಒಮ್ಮೆ ಠಾಣೆಗೆ ಹೋದಳೆಂದರೆ ಸಂಜೆಯೊಳಗೆ ಮಾಡದ್ದನ್ನೂ ಮಾಡಿದೆನೆಂದು ಒಪ್ಪಿಕೊಳ್ಳುತ್ತಾಳೆ. ಅಂಥ ಒಪ್ಪಿಗೆಗಳನ್ನು ಮೇಡಂ ಇಪ್ಪತ್ತೆರಡು ವರ್ಷದಿಂದ ನೋಡುತ್ತ ಬಂದಿದ್ದರು.

ಮನೆಯ ಅಳಿಯ ಹೊಸ್ತಿಲಾಚೆಯೇ ಚೌಕಟ್ಟಿಗೆ ಒರಗಿ ನಿಂತಿದ್ದ. ಮೂರು ವ್ಯಾಪಾರ ಮುಳುಗಿಸಿ ಅತ್ತೆಯ ಮನೆಯಲ್ಲಿ ಬಂದು ನೆಲೆಸಿದವನ ಇಸ್ತ್ರಿ ಅಂಗಿಯಲ್ಲಿ ಒಂದು ಸುಕ್ಕೂ ಇರಲಿಲ್ಲ. "ಅತ್ತೆ ರೂಮಿಗೆ ನಾನು ಕಾಲೇ ಇಟ್ಟೋನಲ್ಲ. ಆ ಬೀರು ಮುಟ್ಟಿ ಸಹ ಗೊತ್ತಿಲ್ಲ," ಎಂದು ಮೂರನೇ ಸಲ ಹೇಳಿದ. ಯಾರೂ ಕೇಳಿರಲಿಲ್ಲ.

ಮೇಡಂ ಮತ್ತೆ ಆ ಗುಂಡು ಗುರುತನ್ನು ನೋಡಿದರು. ಇದನ್ನು ಓದುವುದನ್ನು ಅವರು ಇಲಾಖೆಯಲ್ಲಿ ಕಲಿತದ್ದಲ್ಲ. ಮನೆಯಲ್ಲಿ ಗಂಡ ವರ್ಷಕ್ಕೊಮ್ಮೆ ಊಟದ ಮೇಜು ಒರೆಸುವುದನ್ನು ನೋಡಿ ಕಲಿತದ್ದು. ಅವರು ಬಾಗಿಲು ತೆರೆದು ಅದರ ಒಳಬದಿಯ ಅಂಚಿಗೆ ಪುಡಿ ಹಚ್ಚಿದರು. ನಾಲ್ಕು ಬೆರಳು ಸಾಲಾಗಿ, ಅಚ್ಚುಕಟ್ಟಾಗಿ ಎದ್ದು ಬಂದವು. ಎಡಗೈಯವು. ಅವನ್ನು ಅಂಟುಪಟ್ಟಿಯಲ್ಲಿ ಎತ್ತಿ ಬಿಳಿ ಕಾರ್ಡಿಗೆ ಅಂಟಿಸಿದ ಮೇಲೆ, ಕೆಲಸದವಳನ್ನು ಒಳಗೆ ಕರೆದು ಕಿಟಕಿಯ ಗಾಜಿನ ಬಾಗಿಲು ತೋರಿಸಿದರು.

"ಇದನ್ನ ಒಂದ್ಸಲ ಒರ್ಸಮ್ಮ."

ಅವಳು ಒರೆಸುವ ಬಟ್ಟೆ ತಂದು, ಒದ್ದೆ ಮಾಡಿ, ನಾಲ್ಕು ಮಡಿಕೆ ಮಾಡಿದಳು. ಮೊದಲು ಮೂಲೆಗಳು, ಆಮೇಲೆ ಮೇಲಿಂದ ಕೆಳಕ್ಕೆ ನೇರ ಪಟ್ಟಿಗಳು. ಒಂದು ಪಟ್ಟಿಯೂ ಸೊಟ್ಟಗಾಗಲಿಲ್ಲ. ಕೊನೆಗೆ, ಗಾಜು ಅಲ್ಲಾಡದಂತೆ ತಾನು ಎಡಗೈಯಲ್ಲಿ ಹಿಡಿದುಕೊಂಡಿದ್ದ ಜಾಗವನ್ನೂ ಒರೆಸಿದಳು.

"ಈಗ ನೀವು ಬನ್ನಿ," ಎಂದರು ಮೇಡಂ ಅಳಿಯನಿಗೆ. "ಕಿಟಕಿಯ ಆ ಇನ್ನೊಂದು ಬಾಗಿಲು."

"ನಾನಾ? ಒರ್ಸೋದಾ?" ಅವನು ಹಲ್ಲುಕಿರಿದು ಇನ್ಸ್‌ಪೆಕ್ಟರನ ಮುಖ ನೋಡಿದ.

"ಯಾಕೆ, ಬರಲ್ವಾ?"

ಬಟ್ಟೆಯನ್ನು ಮುದ್ದೆ ಮಾಡಿ ಹಿಡಿದು, ಎಡಗೈಯಲ್ಲಿ ಗಾಜಿನಂಚನ್ನು ಅವುಚಿಕೊಂಡು, ಅವನು ನಡುವೆ ಒಂದು ದೊಡ್ಡ ಸೊನ್ನೆ ಸುತ್ತಿದ. ಮತ್ತೊಂದು. ಮತ್ತೊಂದು. ಗಾಜು ಮೊದಲಿಗಿಂತ ಕೊಳಕಾಯಿತು. ಎದುರಿನ ಬೀರುವಿನ ಮೇಲೂ ಅದೇ ಸೊನ್ನೆಗಳು.

"ಈ ಸೊನ್ನೆ ಕೋರ್ಟಿಗೆ ಸಾಕ್ಷಿ ಆಗಲ್ಲ," ಎಂದರು ಮೇಡಂ, ಶಾಯಿಯ ಡಬ್ಬಿ ತೆರೆಯುತ್ತ. "ಕಾರ್ಡಿನ ಮೇಲಿರೋದು ಆಗತ್ತೆ. ಕಾಲೇ ಇಡದ ರೂಮಲ್ಲಿ ಕೈ ಇಟ್ಟೋರು ಯಾರು ಅಂತ ನೋಡೋಣ. ಎಡಗೈ ಕೊಡಿ."

ಅವನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಮುಖ ಹುಳ್ಳಗಾಗಿತ್ತು. "ಅತ್ತೆ, ನಾನೇ ನಿಮ್ಗೆ ಹೇಳ್ಬೇಕೂಂತಿದ್ದೆ…"

ಇನ್ಸ್‌ಪೆಕ್ಟರ್ ಲೋಟ ಕೆಳಗಿಟ್ಟು ಎದ್ದ. ಅರ್ಧ ಗಂಟೆಯಿಂದ ಗುಡುಗುತ್ತಿದ್ದ ದನಿ ಈಗ ಬೆಣ್ಣೆಯಾಗಿತ್ತು. "ಹೋಗ್ಲಿ ಬಿಡಿ ಅಮ್ಮ, ಮನೆ ವಿಷ್ಯ. ಮನೇಲೇ ಬಗೆಹರಿಸ್ಕೊಳ್ಳಿ. ದೂರು ಹರಿದು ಹಾಕ್ತೀನಿ."

ಮೇಡಂಗೆ ಮೈಯೆಲ್ಲ ಉರಿದುಹೋಯಿತು. ಕೆಲಸದವಳಾದರೆ ಕಳ್ಳತನ, ಅಳಿಯನಾದರೆ ಮನೆ ವಿಷಯ. "ನನ್ನ ವರದಿ ಹರಿಯಲ್ಲ," ಎಂದು ಕಡ್ಡಿ ಮುರಿದಂತೆ ಹೇಳಿ, ಕಾರ್ಡನ್ನು ಲಕೋಟೆಗೆ ಹಾಕಿ ಎಲ್ಲರೆದುರೇ ಅರಗಿನ ಮುದ್ರೆ ಒತ್ತಿದರು.

ಯಜಮಾನಿ ಅಳಿಯನ ಕಡೆ ನೋಡಲಿಲ್ಲ, ಕೆಲಸದವಳ ಮುಖವನ್ನೂ ನೋಡಲಿಲ್ಲ. ಅವರು ನೋಡಿದ್ದು ಕಿಟಕಿಯನ್ನು. "ಆಯ್ತು ಬಿಡೇ, ಏನೋ ಆಗೋಯ್ತು. ಮುಖ ಊದಿಸ್ಕೋಬೇಡ. ಆ ಗಾಜು ಹಾಳಾಗಿದೆ ನೋಡು, ಒಂದು ಕೈ ಒರ್ಸಿಬಿಡು."

ಕೆಲಸದವಳು ಬಟ್ಟೆ ಎತ್ತಿಕೊಂಡಳು. ಕೊಡವಿದಳು. ಅಂಚಿಗೆ ಅಂಚು ಸೇರಿಸಿ ನಾಲ್ಕು ಮಡಿಕೆ ಮಾಡಿದಳು. ಅದನ್ನು ಯಜಮಾನಿಯ ಮಡಿಲ ಮೇಲೆ ಇಟ್ಟು, ಮೆಟ್ಟಿಲಿಳಿದು ಹೋದಳು.

ಬಿಸಿಲು ಕಿಟಕಿಗೆ ಬಂದಿತ್ತು. ಒಂದು ಗಾಜು ಇಲ್ಲವೇ ಇಲ್ಲವೆಂಬಷ್ಟು ತಿಳಿಯಾಗಿತ್ತು. ಇನ್ನೊಂದರ ನಡುವೆ ಮಂಜು ಮಂಜಾದ ಸೊನ್ನೆ ನಿಧಾನವಾಗಿ ಒಣಗುತ್ತಿತ್ತು.