ದಿಬ್ಬ ಹತ್ತುತ್ತ ಉಂಡ ಹೋಳಿಗೆ

ಭೀಮಗೊಂಡನ ಜೊತೆ ದಾರಿ ನಡೆಯುವುದಕ್ಕಿಂತ ಮೊಂಡ ಎತ್ತನ್ನು ಸಂತೆಗೆ ಹೊಡೆದುಕೊಂಡು ಹೋಗುವುದು ವಾಸಿ. ಎತ್ತು ಮಾತಾದರೂ ಆಡುವುದಿಲ್ಲ.

ಎಂಬತ್ತೇಳರ ಚಳಿಗಾಲ. ಅವನ ಮಗಳು ಗಂಗೂ ಮದುವೆಯಾಗಿ ಹೋದಾಗಿನಿಂದ, ಅಪ್ಪ ಒಮ್ಮೆ ಬಂದು ತನ್ನ ಕೈಯಡಿಗೆ ಉಂಡು ಒಂದು ರಾತ್ರಿ ಇದ್ದು ಹೋಗಲಿ ಎಂದು ಹೇಳಿ ಕಳಿಸುತ್ತಲೇ ಇದ್ದಳು. ಇವನಿಗೋ ಬಿಂಕ. ಬೀಗರ ಮನೆಯಲ್ಲಿ ಮಲಗುವವನಲ್ಲ ನಾನು ಎನ್ನುತ್ತಿದ್ದ. ಕೊನೆಗೆ ಉಂಡು, ರಾತ್ರಿ ಬಸ್ಸಿಗೆ ತಿರುಗಿ ಬರಲು ಒಪ್ಪಿದ, ಜೊತೆಗೆ ನನ್ನನ್ನೂ ಎಳೆದುಕೊಂಡು ಹೊರಟ. ಜೈನರವನು, ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಬಾಯಿಗೆ ಹಾಕುವುದಿಲ್ಲ. ಹಾಗಾಗಿ ಬೆಳಕಿರುವಾಗಲೇ ಆ ಊರು ಸೇರಬೇಕು.

ಸತ್ತಿ ಊರಿನ ಕ್ಷೌರದ ಅಂಗಡಿಯಲ್ಲಿ ಹರಟುತ್ತ ಕೂತು ಮಧ್ಯಾಹ್ನದ ಬಸ್ಸು ತಪ್ಪಿಸಿದವನು ಅವನೇ. ಉಳಿದದ್ದು ಕೃಷ್ಣೆಯ ದಂಡೆಗುಂಟ ಹೋಗುವ ಹಳೆಯ ಕಾಲುದಾರಿ. ನಮ್ಮ ಮುತ್ತಜ್ಜಂದಿರು ಹೆಣ್ಣು ನೋಡಲು ಹೋದದ್ದು, ಎಮ್ಮೆ ಹೊಡೆದುಕೊಂಡು ಬಂದದ್ದು ಎಲ್ಲ ಇದರ ಮೇಲೆಯೇ.

ಸುಮ್ಮನೆ ನಡೆದಿದ್ದರೆ ಸಾಕಿತ್ತು. ಇವನು ಕಬ್ಬು ಕಂಡಲ್ಲಿ ನಿಂತ, ಗಾಣ ಕಂಡಲ್ಲಿ ಕೂತ, ಯಾರದೋ ಬದುವಿನ ಜಗಳಕ್ಕೆ ಪಂಚನಾದ.

"ಲೇ, ಹೊತ್ತು ನೋಡು. ಮಗಳು ಹೋಳಿಗಿ ಮಾಡ್ಕೊಂಡು ಕುಂತಿರತಾಳ," ಎಂದೆ.

"ತಡಿಯೋ ವಿರುಪಾಕ್ಷಪ್ಪ. ಈ ಬೆಲ್ಲದ ಪಾಕ ಭಾಳ ಹದಕ್ಕ ಬಂದೈತಿ."

"ನಿನ್ನ ತಲಿ ಬಂದೈತಿ."

ಗಂಗೂನ ಊರಿನ ದಿಬ್ಬದ ಬುಡಕ್ಕೆ ಬಂದಾಗ ಸೂರ್ಯ ಹೊಳೆಯಾಚೆಯ ಕಬ್ಬಿನ ತುದಿಗೆ ಇಳಿದಿದ್ದ. ಆಗ ಇವನು ತಲೆ ಎತ್ತಿ ಹೊತ್ತು ನೋಡಿದ.

"ಉಣ್ಣಲಿಲ್ಲಂದ್ರ ಗಂಗೂ ಅಳತಾಳ," ಎಂದ. ಅವನ ಸಣ್ಣಗಾದ ಮುಖ ನೋಡಿ ನನಗೆ ಪಾಪ ಅನಿಸಿತು.

ಅಷ್ಟರಲ್ಲಿ ಗಂಗೂನೇ ದಾರಿಗೆ ಇಳಿದು ಬಂದಳು, ಕೈಯಲ್ಲಿ ಹೋಳಿಗೆಯ ಡಬ್ಬಿ, ತಟ್ಟೆ, ತುಪ್ಪ, ನೀರಿನ ತಂಬಿಗೆ.

"ಬಸ್ಸಿಗೆ ಬರಲಿಲ್ಲಂದ್ರ ಈ ದಾರೀನ ಹಿಡದಿರತಾರ ಅಂತ ಗೊತ್ತಿತ್ತು ಕಾಕಾ. ನಮ್ಮತ್ತೀನ ಡಬ್ಬಿ ಕೊಟ್ಟು ಕಳಿಸಿದ್ರು. ಅಪ್ಪಾ, ಮೊದಲ ಉಣ್ಣು."

ಭೀಮಗೊಂಡ ಕೈತೊಳೆದು ಕೂತ. ಮೊದಲ ತುತ್ತು ನುಂಗುವಷ್ಟರಲ್ಲಿ ಸೂರ್ಯ ಕಬ್ಬಿನ ಹಿಂದೆ ಮರೆಯಾದ. ಇವನ ಕೈ ನಿಂತಿತು. ಗಂಗೂನ ಕಣ್ಣು ತುಂಬಿತು. ನನಗೆ ತಡೆಯಲಾಗಲಿಲ್ಲ.

"ಏಳಲೇ. ಮ್ಯಾಲ ಇನ್ನೂ ಬಿಸಲ ಐತಿ, ಹತ್ತು."

ತಟ್ಟೆ ಹಿಡಿದು ಅವನು ಮುಂದೆ, ಡಬ್ಬಿ, ತುಪ್ಪ ಹಿಡಿದು ಮಗಳು ಹಿಂದೆ, ತಂಬಿಗೆ ಹಿಡಿದು ನಾನು. ಸ್ವಲ್ಪ ಹತ್ತಿದರೆ ಸೂರ್ಯ ಮತ್ತೆ ಕಾಣುತ್ತಿದ್ದ, ಒಂದೆರಡು ತುತ್ತು ಉಣ್ಣುವಷ್ಟರಲ್ಲಿ ಮತ್ತೆ ಮರೆಯಾಗುತ್ತಿದ್ದ. ನಿಂತು ಉಣ್ಣಬಾರದೆಂದು ಇವನು ಪ್ರತಿ ಸಲ ಕೂರುತ್ತಿದ್ದ, ನಾನು ರಟ್ಟೆ ಹಿಡಿದು ಎಬ್ಬಿಸುತ್ತಿದ್ದೆ. ದನ ಕಾಯುವವರು ನಿಂತು ನೋಡಿದರು.

ನೆತ್ತಿ ಮುಟ್ಟಿದೆವು. ಅಲ್ಲಿಯೂ ಸೂರ್ಯ ಮುಳುಗಿದ. ಡಬ್ಬಿಯಲ್ಲಿ ಹೋಳಿಗೆ ಇನ್ನೂ ಉಳಿದಿತ್ತು.

"ಉಳೀತಲ್ಲ ಅಪ್ಪಾ," ಎಂದಳು ಗಂಗೂ.

ಇವನು ಕೈತೊಳೆದ. ದೂರದಲ್ಲಿ ರಾತ್ರಿ ಬಸ್ಸು ಬರುವ ರಸ್ತೆಯತ್ತ ಒಮ್ಮೆ ನೋಡಿದ, ಸುಮ್ಮನೆ ಕೆಮ್ಮಿದ.

"ಮುಚ್ಚಿಡು. ನಾಳೆ ಹೊತ್ತು ಹುಟ್ಟಿದ ಮ್ಯಾಲ ಉಣತೀನಿ. ಹಾಸಗಿ ಎಲ್ಲಿ ಹಾಸತಿ ಹೇಳು."

ಗಂಗೂ ಡಬ್ಬಿಯನ್ನು ನನ್ನ ಕೈಗೆ ತುರುಕಿ, ಅತ್ತೆಗೆ ಹೇಳಲು ಮನೆಯತ್ತ ಓಡಿದಳು.