ಎರೆದ ನೀರಿಗೆ ಹೋದ ನನ್ನ ಹೆಸರು

ನಾನು ಒಂದು ರೋಗಾಣು. ಹುಟ್ಟಿದ್ದು ದಾವಣಗೆರೆಯಲ್ಲಿ, ಮಂಡಕ್ಕಿ ಭಟ್ಟಿಗಳ ಪಕ್ಕದ ಓಣಿಯಲ್ಲಿ, ಅನ್ವಿತಾ ಎಂಬ ಎರಡು ವರ್ಷದ ಹುಡುಗಿಯ ಮೂಗಿನ ಹಿಂಬದಿಯಲ್ಲಿ. ನಮಗೆ ತಂದೆ ತಾಯಿ ಬೇಕಿಲ್ಲ. ಒಂದು ಸೀಳಿ ಎರಡಾಗುತ್ತೇವೆ, ಜೋಡಿಯಾಗಿಯೇ ಬಾಳುತ್ತೇವೆ, ಮೈಮೇಲೆ ದಪ್ಪನೆಯ ಅಂಟಂಟು ಅಂಗಿ ತೊಟ್ಟಿರುತ್ತೇವೆ. ವೈದ್ಯರು ನನ್ನನ್ನು ನ್ಯೂಮೋಕಾಕಸ್ ಎನ್ನುತ್ತಾರೆ. ಈ ಹೆಸರು ನೀವು ಕೇಳಿಲ್ಲ, ಅಲ್ಲವೇ? ಗೊತ್ತಿತ್ತು. ನನ್ನ ಹೊಟ್ಟೆಕಿಚ್ಚೆಲ್ಲ ಅದಕ್ಕೇ.

ಕೊರೊನಾ ನಿನ್ನೆ ಮೊನ್ನೆ ಬಂದವನು. ಯಾರಿಗೆ ಫೋನ್ ಹಚ್ಚಿದರೂ ಮೊದಲು ಅವನದೇ ಸುದ್ದಿ ಕೇಳಿಸುತ್ತಿತ್ತು. ಕ್ಷಯಕ್ಕೆ ದೊಡ್ಡ ಆಸ್ಪತ್ರೆಗಳಲ್ಲಿ ಬೇರೆ ಕೋಣೆಯೇ ಉಂಟು. ನೀರಿನ ಟ್ಯಾಂಕಿನಲ್ಲಿ ಬೆಳೆದು ದೊಡ್ಡ ಹೋಟೆಲುಗಳ ಕೊಳಾಯಿಯಲ್ಲಿ ಓಡಾಡುವ ಇನ್ನೊಬ್ಬನಿದ್ದಾನೆ; ಅಪರೂಪಕ್ಕೆ ನಾಲ್ಕು ಜನರನ್ನು ಮಲಗಿಸಿದರೂ ಪೇಪರಿನಲ್ಲಿ ಬರುತ್ತಾನೆ. ಮನೆಯಲ್ಲಿ ತಮ್ಮ ಪಾಡಿಗೆ ತಾವಿದ್ದವರಿಗೆ ನ್ಯುಮೋನಿಯಾ ಬಂದಾಗ ಎಷ್ಟೋ ಸಲ ಅದು ನನ್ನ ಕೈವಾಡ. ಆದರೆ ನನ್ನನ್ನು ಕೇಳುವವರಿಲ್ಲ. ಮಕ್ಕಳಿಗೆ ಹಾಕುವ ಲಸಿಕೆಗೂ ನನ್ನ ದಾಯಾದಿಗಳ ಅಂಗಿಯ ಗುರುತಷ್ಟೇ ಇದೆ, ನನ್ನ ಅಂಗಿಯದ್ದಿಲ್ಲ; ಅದು ನನ್ನನ್ನು ತಡೆಯದು. ಬದುಕಿಕೊಂಡೆ ಎಂದು ಖುಷಿಪಡಬೇಕಿತ್ತು. ನನಗೆ ಉರಿದುಹೋಯಿತು.

ಅನ್ವಿತಾಗೆ ನಾನೇನೂ ಮಾಡಲಿಲ್ಲ. ಅವಳ ಮೂಗು ಸುರಿಯುತ್ತಿತ್ತು, ನಾನು ಅಲ್ಲಿ ಸುಮ್ಮನೆ ಇದ್ದೆ. ನನ್ನ ಕಣ್ಣೆಲ್ಲ ಅವಳ ಅಜ್ಜಿ ಹಾಲಮ್ಮನ ಮೇಲೆ. ಮದುವೆಯಾಗಿ ಬಂದಾಗಿನಿಂದ ಹಾಲಮ್ಮ ಭಟ್ಟಿಯ ಮುಂದೆ ಕೂತು ಮಂಡಕ್ಕಿ ಹುರಿದವಳು. ಭತ್ತದ ಹೊಟ್ಟಿನ ಹೊಗೆ ಕುಡಿದೂ ಕುಡಿದೂ ಅವಳ ಎದೆಗೂಡು ಸೋತಿತ್ತು. ಮೇಲೆ ಸಕ್ಕರೆ ಕಾಯಿಲೆ ಬೇರೆ.

ಒಂದು ಸಂಜೆ ಅನ್ವಿತಾ ತನ್ನ ಬಾಯಲ್ಲಿದ್ದ ಮಂಡಕ್ಕಿಯನ್ನು ಬೆರಳಿನಿಂದ ತೆಗೆದು ಅಜ್ಜಿಯ ಬಾಯಿಗಿಟ್ಟಳು.

"ಅತ್ತಿ, ಎಂಜಲ ತಿನ್ನಬ್ಯಾಡ್ರಿ, ಅದಕ್ಕೆ ನೆಗಡಿ ಆಗೈತಿ," ಎಂದಳು ಸೊಸೆ ವಿಶಾಲಾಕ್ಷಿ.

"ಕೂಸಿಂದು ಎಂಥಾ ಎಂಜಲವ್ವಾ!" ಎಂದು ಹಾಲಮ್ಮ ನುಂಗಿದಳು, ಮೊಮ್ಮಗಳ ಸುರಿಯುವ ಮೂಗಿಗೇ ಮುತ್ತು ಕೊಟ್ಟಳು.

ಹೀಗೆ ನನ್ನಲ್ಲಿ ಅರ್ಧ ಭಾಗ ಮನೆ ಬದಲಿಸಿತು. ಅಜ್ಜಿಯ ಗಂಟಲಲ್ಲಿ ನಾನು ಕಾದು ಕೂತೆ. ಅಷ್ಟರಲ್ಲಿ ಊರಿಗೆಲ್ಲ ಬಂದ ಫ್ಲೂ ಅವಳಿಗೂ ಬಂತು. ಹೇಳಲು ಮನಸ್ಸಿಲ್ಲ, ಆದರೂ ಹೇಳುತ್ತೇನೆ: ಬಾಗಿಲು ತೆಗೆದುಕೊಟ್ಟದ್ದು ಆ ಫ್ಲೂ. ಒಳಗೆ ಬಂದ ಕಸವನ್ನು ಗುಡಿಸಿ ಹೊರಹಾಕುವ ಉಸಿರುನಾಳದ ಸಣ್ಣ ಕೂದಲುಗಳನ್ನು ಹೊಗೆ ಮೊದಲೇ ಹಾಳು ಮಾಡಿತ್ತು. ನಾನು ಎದೆಗೆ ಇಳಿದೆ. ಹಾಲಮ್ಮನಿಗೆ ಗಡಗಡ ನಡುಕ, ಕೆಂಡದಂಥ ಜ್ವರ, ಉಸಿರೆಳೆದರೆ ಪಕ್ಕೆಯಲ್ಲಿ ಚಳುಕು. ಕೆಮ್ಮಿದಾಗ ತುಕ್ಕಿನ ಬಣ್ಣದ ಕಫ ಬಂತು. ಅದು ನನ್ನ ರುಜು. ಯಾರಾದರೂ ಓದಲಿ ಎಂದು ಕಾದೆ.

ಯಾರೂ ಓದಲಿಲ್ಲ. ಹರಿಹರದಿಂದ ಓಡಿಬಂದ ಹಾಲಮ್ಮನ ಮಗಳು ಗಿರಿಜಮ್ಮ ನೇರವಾಗಿ ತಮ್ಮನ ಹೆಂಡತಿ ವಿಶಾಲಾಕ್ಷಿಯ ಮೇಲೆ ಬಿದ್ದಳು.

"ಮೋಡ ಮುಚ್ಚಿದ ದಿನ ಮುದುಕಿಗೆ ತಲಿಗೆ ಎರೀತಾರೇನು? ಎದಿಗೆ ಥಂಡಿ ಇಳಿಸಿದಿ. ನಮ್ಮವ್ವಗೆ ಏನಾರ ಆದ್ರೆ ಈ ಮನಿಯಾಗ ನೀನಿರಂಗಿಲ್ಲ!"

ಜ್ವರದ ಹಿಂದಿನ ದಿನ ವಿಶಾಲಾಕ್ಷಿ ಅತ್ತೆಗೆ ತಲೆಗೆ ಎರೆದದ್ದು ನಿಜ. ಬಿಸಿಬಿಸಿ ನೀರನ್ನೇ ಎರೆದು, ತಲೆ ಒರೆಸಿ, ಧೂಪ ಹಾಕಿದ್ದಳು. ಓಣಿಯ ಬಾಯಿಗೆ ಅಷ್ಟು ಸಾಕಾಯಿತು. ಪಾಪ, ಅವಳೂ ನಂಬಿಬಿಟ್ಟಳು. ಬಚ್ಚಲಿಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ನನಗೆ ಕನಿಕರ ಬರಲಿಲ್ಲ. ಇಷ್ಟು ಕಷ್ಟಪಟ್ಟು ಇಳಿದವನು ನಾನು, ಹೆಸರು ಹೋದದ್ದು ಒಂದು ಹಂಡೆ ನೀರಿಗೆ! ಏನೂ ಮಾಡದ ಆ ಹೆಣ್ಣಿನ ಹೆಸರು ಓಣಿಯ ಬಾಯಲ್ಲೆಲ್ಲ ಇತ್ತು.

ಮರುದಿನ ಬೆಳಿಗ್ಗೆ ಹಾಲಮ್ಮ ಯಾರ ಗುರುತೂ ಸಿಗದೆ ಬಡಬಡಿಸತೊಡಗಿದಳು. ತುಟಿ ನೀಲಿಗಟ್ಟಿತು. ಆಸ್ಪತ್ರೆಗೆ ಒಯ್ಯೋಣ ಎಂದಳು ವಿಶಾಲಾಕ್ಷಿ.

"ಕಷಾಯ ಕುಡಿದ್ರೆ ಇಳೀತೈತಿ," ಎಂದಳು ಗಿರಿಜಮ್ಮ. "ಆಸ್ಪತ್ರಿಗೆ ಒಯ್ದು ನಿನ್ನ ತಪ್ಪು ಮುಚ್ಚಿಕೊಳ್ಳಾಕ ನೋಡ್ತೀಯೇನು?"

"ತಪ್ಪು ನಂದೇ ಇರ್ಲಿ ಅಕ್ಕಾ. ಮೊದ್ಲು ಅತ್ತಿ ಉಳೀಲಿ," ಎಂದು ವಿಶಾಲಾಕ್ಷಿ ಆಟೋ ಕರೆಸಿದಳು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಕಫವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟರು. ಜೋಡಿ ಜೋಡಿಯಾಗಿ ನಿಂತಿದ್ದ ನಮ್ಮನ್ನು ಕೊನೆಗೂ ಒಬ್ಬರು ಕಣ್ತುಂಬ ನೋಡಿದರು. ಆ ಸಂತೋಷ ಹೇಳಲಾರೆ. ಆದರೆ ಇಂಜೆಕ್ಷನ್ ಆಗಲೇ ಶುರುವಾಗಿತ್ತು. ಹಾಲಮ್ಮನ ಎದೆಯಲ್ಲಿದ್ದ ನನ್ನ ಬಳಗ ಒಡೆದೊಡೆದು ಸತ್ತಿತು.

ಜ್ವರ ಇಳಿದ ಮೇಲೆ ವಿಶಾಲಾಕ್ಷಿ ಧೈರ್ಯ ಮಾಡಿ ಡಾಕ್ಟರಮ್ಮನನ್ನು ಕೇಳಿದಳು. "ಮೇಡಂ, ನಾನು ತಲಿಗೆ ಎರೆದಿದ್ದಕ್ಕೆ ಹಿಂಗಾತೇನ್ರಿ?"

"ಯಾರಮ್ಮ ಹಾಗಂದಿದ್ದು? ಸ್ನಾನದಿಂದ ಇದು ಬರಲ್ಲ. ಇದಕ್ಕೆ ಕಾರಣ ಒಂದು ರೋಗಾಣು, ನ್ಯೂಮೋಕಾಕಸ್ ಅಂತ. ನೀವು ಇನ್ನೊಂದು ದಿನ ತಡ ಮಾಡಿದ್ದರೆ ಕಷ್ಟ ಇತ್ತು."

ವಿಶಾಲಾಕ್ಷಿ ಗೋಡೆಗೊರಗಿ ನಿಂತಳು. ಕಣ್ಣೀರು ತಾನಾಗಿ ಇಳಿಯಿತು. ಅವಳ ಸೊಂಟದ ಮೇಲಿದ್ದ ಅನ್ವಿತಾಳ ಮೂಗಿನಲ್ಲಿ ಕೂತು ನಾನು ನನ್ನ ಹೆಸರು ಕೇಳಿ ಹಿಗ್ಗಿದೆ.

ಗಿರಿಜಮ್ಮ ಬಿಡಲಿಲ್ಲ. "ಹಂಗಾರೆ ಅದು ಎಲ್ಲಿಂದ ಬಂತ್ರಿ?"

"ಚಿಕ್ಕಮಕ್ಕಳ ಮೂಗಿನಲ್ಲಿ ಇರುತ್ತೆ. ಅವರಿಗೆ ಏನೂ ಆಗಿರಲ್ಲ, ದೊಡ್ಡವರಿಗೆ ಅಂಟುತ್ತೆ."

ಗಿರಿಜಮ್ಮನ ಕಣ್ಣು ಮಗುವಿನ ಕಡೆ ತಿರುಗಿತು. "ಅಂದ್ರೆ ಈ ಕೂಸಿಂದನಾ..."

ಹಾಲಮ್ಮ ಮುಖದ ಮೇಲಿನ ಆಕ್ಸಿಜನ್ ಮಾಸ್ಕನ್ನು ಎಳೆದು ತೆಗೆದಳು. ಒಂದೊಂದು ಮಾತಿಗೂ ಏದುಸಿರು ಬಿಡುತ್ತಿದ್ದಳು. "ಗಿರಿಜಾ, ಸಾಕು. ಭಟ್ಟಿ ಹೊಗಿ ಕುಡಿದು ಬಂದೈತಿ ನನಗ. ಸೊಸಿಗೂ ಅನ್ನಬ್ಯಾಡ, ಕೂಸಿಗೂ ಅನ್ನಬ್ಯಾಡ."

ಡಾಕ್ಟರಮ್ಮ ಮಾಸ್ಕನ್ನು ಮತ್ತೆ ಹಾಕುತ್ತ, ಹೊಗೆಯದ್ದೂ ಪಾಲಿದೆ ಎಂದರು. ಈಗ ಓಣಿಯಲ್ಲಿ ಎಲ್ಲರೂ ಹೊಗೆಯ ಹೆಸರನ್ನೇ ಹೇಳುತ್ತಾರೆ.

ನನಗೀಗ ಮುಪ್ಪು. ಅನ್ವಿತಾ ಬೆಳೆಯುತ್ತಿದ್ದಾಳೆ, ಅವಳ ಮೈ ನನ್ನ ಗುರುತು ಹಿಡಿದಿದೆ. ಮೂಗಿನ ಮೂಲೆಯಲ್ಲಿ ಉಳಿದಿರುವ ನಮ್ಮ ನಾಲ್ಕಾರು ಜೋಡಿ ಇನ್ನು ಹೆಚ್ಚು ದಿನ ಬಾಳುವುದಿಲ್ಲ. ನೀರು, ಹೊಗೆ, ಫ್ಲೂ ಇವರ ಮೇಲಿನ ಹೊಟ್ಟೆಯುರಿ ತಣ್ಣಗಾಗಿದೆ. ಆದರೆ ಈ ಹುಡುಗಿಯನ್ನು ಕಂಡರೆ ಇನ್ನೂ ಉರಿಯುತ್ತದೆ. ನನ್ನ ಹೆಸರು ಹೇಳಲು ಒಬ್ಬ ವೈದ್ಯೆಯಾದರೂ ಸಿಕ್ಕಳು. ಇವಳ ಹೆಸರು ಯಾರ ಬಾಯಲ್ಲೂ ಬಾರದಂತೆ ತಡೆಯಲು, ಉಸಿರೇ ಸಾಲದವಳೊಬ್ಬಳು ಇದ್ದ ಉಸಿರನ್ನೂ ಖರ್ಚು ಮಾಡಿದಳು.